ಸಾವಿರದ ಐನೂರು ರೂಪಾಯಿಯ ಭರವಸೆ

ನಮ್ಮ ದೊಡ್ಡಪ್ಪ ಮೂವತ್ತನಾಲ್ಕು ವರ್ಷ ಹೈಸ್ಕೂಲಿನಲ್ಲಿ ಗಣಿತ ಕಲಿಸಿದವರು. ನಿವೃತ್ತಿಯಾದಾಗ ಬಂದ ಹಣದಲ್ಲಿ 8 ಲಕ್ಷವನ್ನು ಊರಿನ ಒಂದು ಸಹಕಾರಿ ಬ್ಯಾಂಕಿನಲ್ಲಿ ಠೇವಣಿ ಇಟ್ಟಿದ್ದರು. ಬೇರೆ ಕಡೆಗಿಂತ ಬಡ್ಡಿ ಸ್ವಲ್ಪ ಹೆಚ್ಚು, ಮನೆಯಿಂದ ನಡೆದು ಹೋಗುವಷ್ಟು ದೂರ, ಕೌಂಟರಿನ ಹಿಂದೆ ಕೂತಿದ್ದವನು ಅವರದೇ ಹಳೆಯ ಶಿಷ್ಯ. ಇನ್ನೇನು ಬೇಕು? 2019ರಲ್ಲಿ ಒಂದು ಬೆಳಿಗ್ಗೆ ಆ ಬ್ಯಾಂಕಿನ ಷಟರಿನ ಮೇಲೆ ಒಂದು ನೋಟಿಸ್ ಅಂಟಿತ್ತು. ರಿಸರ್ವ್ ಬ್ಯಾಂಕಿನ ನಿರ್ದೇಶನದ ಪ್ರಕಾರ ಇನ್ನು ಮುಂದೆ ಖಾತೆದಾರರು ಕೆಲವು ಸಾವಿರಕ್ಕಿಂತ ಹೆಚ್ಚು ಹಣ ತೆಗೆಯುವಂತಿಲ್ಲ ಎಂದು ಅದರಲ್ಲಿ ಬರೆದಿತ್ತು. ಓದಿದವರು ಮತ್ತೊಮ್ಮೆ ಓದುತ್ತಿದ್ದರು. ಯಾರೂ ಜೋರಾಗಿ ಮಾತಾಡುತ್ತಿರಲಿಲ್ಲ.

ಆ ಸಂಜೆ ದೊಡ್ಡಪ್ಪ ಪಾಸ್‌ಬುಕ್ ಹಿಡಿದುಕೊಂಡು ನಮ್ಮ ಮನೆಗೆ ಬಂದರು. ಒಳಪುಟದಲ್ಲಿ ಮಾಸಿದ ಒಂದು ರಬ್ಬರ್ ಸ್ಟ್ಯಾಂಪ್ ಇತ್ತು. ಠೇವಣಿಗೆ 1 ಲಕ್ಷ ರೂಪಾಯಿಯವರೆಗೆ ವಿಮೆ ಇದೆ ಎಂಬ ಅರ್ಥದ ಒಂದೇ ಸಾಲು. "ನೋಡಪ್ಪಾ, ನೀನು ಚರಿತ್ರೆ ಮೇಷ್ಟ್ರು. ನಾನು ಇಟ್ಟಿರೋದು ಎಂಟು, ಇವರು ಹೇಳ್ತಿರೋದು ಒಂದು. ಈ ಒಂದು ಅನ್ನೋ ಲೆಕ್ಕ ಎಲ್ಲಿಂದ ಬಂತು? ಯಾವ ಸೂತ್ರ ಹಾಕಿದ್ರು?" ಅಂದರು.

ನನಗೆ ಗೊತ್ತಿರಲಿಲ್ಲ. ಇಪ್ಪತ್ತು ವರ್ಷದಿಂದ ಆಧುನಿಕ ಭಾರತದ ಚರಿತ್ರೆ ಪಾಠ ಮಾಡುತ್ತಿದ್ದೇನೆ. ನಮ್ಮ ಪಠ್ಯದಲ್ಲಿ ಬ್ಯಾಂಕು ಬರುವುದು ಒಂದೇ ಸಾಲಿನಲ್ಲಿ: 1969ರಲ್ಲಿ ರಾಷ್ಟ್ರೀಕರಣ. ಅದಕ್ಕೂ ಮುಂಚೆ ಬ್ಯಾಂಕುಗಳು ಮಳೆಗಾಲದ ಅಣಬೆಯ ಹಾಗೆ ಎದ್ದವು, ಅಣಬೆಯ ಹಾಗೆಯೇ ಮಲಗಿದವು ಎಂಬುದನ್ನು ನಾವು ಹೇಳುವುದೇ ಇಲ್ಲ. ದೊಡ್ಡಪ್ಪನ ಪ್ರಶ್ನೆಯ ಬೆನ್ನು ಹತ್ತಿ ಹೋದವನಿಗೆ ಸಿಕ್ಕಿದ್ದು ಕೇರಳದ ಒಂದು ರಬ್ಬರ್ ತೋಟಗಳ ಪಟ್ಟಣ, 1960ರ ಆಗಸ್ಟ್ ತಿಂಗಳ ಒಂದು ಸೋಮವಾರ. ಅಲ್ಲಿಗೆ ಹೋಗುವ ಮುಂಚೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಬ್ಯಾಂಕು ಎಂಬುದು ವಿಚಿತ್ರವಾದ ಅಂಗಡಿ. ಅಲ್ಲಿ ಕೊಟ್ಟ ಹಣ ಅಲ್ಲಿರುವುದಿಲ್ಲ. ನಾನು ಬೆಳಿಗ್ಗೆ ಕಟ್ಟಿದ ಹತ್ತು ಸಾವಿರ ಸಂಜೆಯೊಳಗೆ ಇನ್ಯಾರದೋ ಟ್ರ್ಯಾಕ್ಟರೋ ಅಡಿಕೆ ತೋಟವೋ ಆಗಿಬಿಟ್ಟಿರುತ್ತದೆ. ನಾನು ಕೇಳಿದಾಗ ಕೊಡುತ್ತೇನೆ ಎಂದು ಬ್ಯಾಂಕು ನನಗೆ ಹೇಳಿದೆ. ಐದು ವರ್ಷದಲ್ಲಿ ತೀರಿಸು ಎಂದು ಟ್ರ್ಯಾಕ್ಟರಿನವನಿಗೂ ಹೇಳಿದೆ. ಎಲ್ಲರೂ ಒಂದೇ ದಿನ ಬಂದು ಕೇಳುವುದಿಲ್ಲ ಎಂಬ ನಂಬಿಕೆಯ ಮೇಲೆ ಈ ಎರಡು ಮಾತುಗಳೂ ನಿಂತಿವೆ. ಒಂದು ದಿನ ಎಲ್ಲರೂ ಬಂದರೆ, ಒಳ್ಳೆಯ ಬ್ಯಾಂಕಾದರೂ ಕೆಟ್ಟ ಬ್ಯಾಂಕಾದರೂ ಮಧ್ಯಾಹ್ನದ ಹೊತ್ತಿಗೆ ಗಲ್ಲಾಪೆಟ್ಟಿಗೆ ಖಾಲಿ. ಕಿರಾಣಿ ಅಂಗಡಿ ಮುಳುಗಿದರೆ ಎದುರು ಅಂಗಡಿಗೆ ವ್ಯಾಪಾರ ಹೆಚ್ಚುತ್ತದೆ. ಬ್ಯಾಂಕು ಮುಳುಗಿದರೆ ಎದುರು ಬ್ಯಾಂಕಿನ ಮುಂದೆಯೂ ಸಾಲು ನಿಲ್ಲುತ್ತದೆ. ಬ್ಯಾಂಕಿಗೆ ಬೇರೆ ಯಾವ ವ್ಯಾಪಾರಕ್ಕೂ ಇಲ್ಲದಷ್ಟು ಕಾವಲು ಬೇಕಾಗುವುದು ಇದಕ್ಕೇ.

ಆ ಕಾವಲು ನಮ್ಮಲ್ಲಿ ಬಹಳ ಕಾಲ ಇರಲಿಲ್ಲ. 1906ರ ಅಕ್ಟೋಬರ್ 22ರಂದು ಮದ್ರಾಸಿನ ಅರ್ಬತ್‌ನಾಟ್ ಕಂಪನಿ ಬಾಗಿಲು ಹಾಕಿತು. ಬಿಳಿಯರ ಕಂಪನಿ, ತಲೆಮಾರುಗಳ ಹೆಸರು. ಪಿಂಚಣಿದಾರರು, ವಕೀಲರು, ವಿಧವೆಯರು ಅದರಲ್ಲಿ ಹಣವಿಟ್ಟಿದ್ದರು. ಸರ್ ಜಾರ್ಜ್ ಅರ್ಬತ್‌ನಾಟ್‌ಗೆ 18 ತಿಂಗಳ ಕಠಿಣ ಶಿಕ್ಷೆಯಾಯಿತು. ಹಣ ಕಳೆದುಕೊಂಡವರ ಪರ ನಿಂತ ವಕೀಲ ವಿ. ಕೃಷ್ಣಸ್ವಾಮಿ ಅಯ್ಯರ್ ಮರುವರ್ಷ ಇಂಡಿಯನ್ ಬ್ಯಾಂಕ್ ಕಟ್ಟಿದರು. ಅದೇ 1906ರಲ್ಲಿ, ಆ ಕುಸಿತಕ್ಕೆ ಕೆಲವು ತಿಂಗಳ ಮುಂಚೆ, ನಮ್ಮ ಕರಾವಳಿಯಲ್ಲಿ ಎರಡು ಬ್ಯಾಂಕುಗಳು ಹುಟ್ಟಿದ್ದವು. ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಅವರ ಮುಂದಾಳತ್ವದಲ್ಲಿ ಮುಂದೆ ಕಾರ್ಪೊರೇಶನ್ ಬ್ಯಾಂಕ್ ಆದ ಸಂಸ್ಥೆ, ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳ ಕೆನರಾ ಹಿಂದೂ ಪರ್ಮನೆಂಟ್ ಫಂಡ್. ಸ್ವದೇಶಿ ಚಳವಳಿಯ ಗಾಳಿ ಬೀಸುತ್ತಿದ್ದ ಕಾಲವದು. ನಮ್ಮ ಹಣ ನಮ್ಮ ಬ್ಯಾಂಕಿನಲ್ಲಿ ಇರಬೇಕು ಎಂಬ ಮಾತು ದೇಶದ ಉದ್ದಗಲಕ್ಕೂ ಇತ್ತು.

ಆದರೆ ಬ್ಯಾಂಕು ಎಂದು ಬೋರ್ಡು ಹಾಕಲು ಯಾರ ಅಪ್ಪಣೆಯೂ ಬೇಕಿರಲಿಲ್ಲ. ಕಂಪನಿ ಎಂದು ನೋಂದಾಯಿಸಿದರೆ ಆಯಿತು. ಕೈಯಲ್ಲಿ ಬಂಡವಾಳವೇ ಇಲ್ಲದವರೂ ಠೇವಣಿ ಸಂಗ್ರಹಿಸುತ್ತಿದ್ದರು. ಅರ್ಥಶಾಸ್ತ್ರಜ್ಞ ಕೇನ್ಸ್ ಭಾರತದ ಹಣಕಾಸಿನ ಬಗ್ಗೆ 1913ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಈ ಪುಟ್ಟ ಬ್ಯಾಂಕುಗಳನ್ನು ಕಂಡು ದಿಗಿಲುಪಟ್ಟಿದ್ದ. ಮುಂದಿನ ಕೆಟ್ಟ ಕಾಲದಲ್ಲಿ ಇವು ಉಳಿಯುವುದು ಕಷ್ಟ ಎಂಬುದು ಅವನ ಅಂದಾಜು. ಪುಸ್ತಕ ಹೊರಬಂದ ಕೆಲವೇ ತಿಂಗಳಲ್ಲಿ ಲಾಹೋರಿನಲ್ಲಿ ಲಾಲಾ ಹರ್‌ಕಿಶನ್ ಲಾಲರ ಪೀಪಲ್ಸ್ ಬ್ಯಾಂಕ್ ಬಿತ್ತು. ಅದರ ಹಿಂದೆ ಡಜನುಗಟ್ಟಲೆ ಬ್ಯಾಂಕುಗಳು ಬಿದ್ದವು. ಅಚ್ಚರಿಯೆಂದರೆ ಅದೇ 1913ರಲ್ಲಿ ಮೈಸೂರಿನಲ್ಲಿ ವಿಶ್ವೇಶ್ವರಯ್ಯನವರ ದಿವಾನಗಿರಿಯಲ್ಲಿ ಮೈಸೂರು ಬ್ಯಾಂಕು ಶುರುವಾಯಿತು. ಬೆನ್ನಿಗೆ ಸಂಸ್ಥಾನವಿದ್ದ ಬ್ಯಾಂಕು ಬದುಕಿತು. ಬೆನ್ನಿಗೆ ಯಾರೂ ಇಲ್ಲದವು ಏನಾದವು ಎಂದು ಕೇಳಲು ಒಂದು ಕಚೇರಿಯೂ ಇರಲಿಲ್ಲ.

ಕಚೇರಿ ಬಂದದ್ದು 1935ರ ಏಪ್ರಿಲ್ 1ರಂದು. ರಿಸರ್ವ್ ಬ್ಯಾಂಕ್ ಬಂತು, ಆದರೆ ಕಣ್ಣು ಮಾತ್ರ ಪೂರ್ತಿ ತೆರೆದಿರಲಿಲ್ಲ. ಬಂಡವಾಳ ಮತ್ತು ಮೀಸಲು ನಿಧಿ ಸೇರಿ 5 ಲಕ್ಷ ಇರುವ ಬ್ಯಾಂಕುಗಳನ್ನು ಅದು ತನ್ನ ಪಟ್ಟಿಗೆ ಸೇರಿಸಿಕೊಳ್ಳುತ್ತಿತ್ತು. 'ಶೆಡ್ಯೂಲ್ಡ್ ಬ್ಯಾಂಕ್' ಎಂಬ ಮಾತು ಹುಟ್ಟಿದ್ದು ಹಾಗೆ. ಪಟ್ಟಿಯಲ್ಲಿದ್ದವರು ಬೇಡಿಕೆ ಠೇವಣಿಯ ನೂರಕ್ಕೆ 5, ಅವಧಿ ಠೇವಣಿಯ ನೂರಕ್ಕೆ 2ರಷ್ಟನ್ನು ರಿಸರ್ವ್ ಬ್ಯಾಂಕಿನಲ್ಲಿ ಇಡಬೇಕಿತ್ತು. ಆದರೆ ಲೆಕ್ಕದ ಪುಸ್ತಕ ತೆರೆಸಿ ಈ ಸಾಲ ಯಾರಿಗೆ ಕೊಟ್ಟಿರಿ, ವಾಪಸ್ ಬರುತ್ತದೆಯೇ ಎಂದು ಕೇಳುವ ಸಾಮಾನ್ಯ ಅಧಿಕಾರ ಅದಕ್ಕೆ ಇರಲಿಲ್ಲ.

ಮೂರೇ ವರ್ಷದಲ್ಲಿ ಪರೀಕ್ಷೆ ಬಂತು. ತಿರುವಾಂಕೂರ್ ನ್ಯಾಷನಲ್ ಬ್ಯಾಂಕ್ ಮತ್ತು ಕ್ವಿಲಾನ್ ಬ್ಯಾಂಕ್ 1937ರಲ್ಲಿ ಒಂದಾಗಿ ದಕ್ಷಿಣದ ದೊಡ್ಡ ಬ್ಯಾಂಕುಗಳಲ್ಲಿ ಒಂದಾಗಿದ್ದವು. 1938ರ ಜೂನ್ 21ರಂದು ಆ ಜೋಡಿ ಬ್ಯಾಂಕು ಹಣ ಕೊಡುವುದನ್ನು ನಿಲ್ಲಿಸಿತು. ಅದನ್ನು ನಡೆಸುತ್ತಿದ್ದ ಕೆ. ಸಿ. ಮಾಮ್ಮೆನ್ ಮಾಪ್ಪಿಳ್ಳೆ ಮಲಯಾಳ ಮನೋರಮಾ ಪತ್ರಿಕೆಯ ಸಂಪಾದಕರೂ ಹೌದು. ಆ ಪತ್ರಿಕೆಗೂ ತಿರುವಾಂಕೂರಿನ ದಿವಾನ ಸರ್ ಸಿ. ಪಿ. ರಾಮಸ್ವಾಮಿ ಅಯ್ಯರ್‌ಗೂ ಎಣ್ಣೆ ಸೀಗೆಕಾಯಿ. ದಿವಾನರೇ ಬ್ಯಾಂಕು ಮುಳುಗಿಸಿದರು ಎಂದು ಒಂದು ಕಡೆಯವರು, ಒಳಗೇ ಹುಳುಕಿತ್ತು ಎಂದು ಇನ್ನೊಂದು ಕಡೆಯವರು ಇವತ್ತಿಗೂ ವಾದಿಸುತ್ತಾರೆ. ಮಾಪ್ಪಿಳ್ಳೆಯವರು ಜೈಲಿಗೆ ಹೋದರು, ಪತ್ರಿಕೆಗೆ ಬೀಗ ಬಿತ್ತು. ಸಹಾಯ ಕೇಳಿ ಹೋದಾಗ ರಿಸರ್ವ್ ಬ್ಯಾಂಕು ಒಪ್ಪಲಿಲ್ಲ. ಅದು ಸಾಲ ಕೊಡಬೇಕಾದರೆ ಕಾನೂನು ಒಪ್ಪುವಂಥ ಭದ್ರತೆ ಬೇಕಿತ್ತು. ಈ ಜಗಳದಲ್ಲಿ ನಾನು ಯಾರ ಪಕ್ಷವನ್ನೂ ಹಿಡಿಯಲಾರೆ. ಆದರೆ ಒಂದಂತೂ ನಿಜ: ಬ್ಯಾಂಕಿನ ನಿಜಸ್ಥಿತಿಯನ್ನು ಹೇಳಬಲ್ಲ ಮೂರನೆಯ ದನಿ ಅಲ್ಲಿ ಇರಲಿಲ್ಲ. ದಿವಾನರ ಮಾತು ಅಥವಾ ಬ್ಯಾಂಕಿನವರ ಮಾತು, ಎರಡರಲ್ಲಿ ಒಂದನ್ನು ಠೇವಣಿದಾರ ನಂಬಬೇಕಿತ್ತು.

ರಿಸರ್ವ್ ಬ್ಯಾಂಕು ಪಾಠ ಕಲಿತು 1939ರ ನವೆಂಬರಿನಲ್ಲೇ ಬ್ಯಾಂಕುಗಳಿಗೆ ಪ್ರತ್ಯೇಕ ಕಾನೂನು ಬೇಕೆಂದು ಸರ್ಕಾರಕ್ಕೆ ಬರೆಯಿತು. ಅಷ್ಟರಲ್ಲಿ ಯುದ್ಧ. ಯುದ್ಧದ ದುಡ್ಡು ಹರಿದ ಕಡೆಯೆಲ್ಲ ಇನ್ನಷ್ಟು ಬ್ಯಾಂಕು, ಇನ್ನಷ್ಟು ಶಾಖೆ. 1946ರಲ್ಲಿ ಒಂದು ಸುಗ್ರೀವಾಜ್ಞೆ ತಪಾಸಣೆಯ ಅಧಿಕಾರ ಕೊಟ್ಟಿತು. ಕೊನೆಗೆ 1949ರ ಮಾರ್ಚ್ 16ರಿಂದ ಬ್ಯಾಂಕಿಂಗ್ ಕಂಪನಿಗಳ ಕಾಯ್ದೆ ಜಾರಿಗೆ ಬಂತು. ಸಾಲ ಕೊಡಲು ಅಥವಾ ಹೂಡಲು ಸಾರ್ವಜನಿಕರಿಂದ ಠೇವಣಿ ಪಡೆಯುವುದೇ ಬ್ಯಾಂಕಿಂಗ್ ಎಂದು ಕಾನೂನು ಮೊದಲ ಬಾರಿಗೆ ಸರಿಯಾಗಿ ಹೇಳಿತು. ಲೈಸೆನ್ಸ್ ಕಡ್ಡಾಯವಾಯಿತು. ತಪಾಸಣಾಧಿಕಾರಿ ಬಂದರೆ ಪುಸ್ತಕ ತೆರೆಯಲೇಬೇಕಾಯಿತು. ಆ ವರ್ಷದ ಜುಲೈನಲ್ಲಿ ಗವರ್ನರ್ ಆಗಿ ಬಂದವರು ಬೆನೆಗಲ್ ರಾಮರಾವ್, ನಮ್ಮ ಕರಾವಳಿಯ ಬೆನೆಗಲ್ ಮನೆತನದವರು.

ಈಗ ಕಣ್ಣು ತೆರೆಯಿತು. ಕಂಡದ್ದನ್ನು ಏನು ಮಾಡುವುದು ಎಂಬ ಪ್ರಶ್ನೆ ಆಗ ಶುರುವಾಯಿತು.

ಪಾಲಾ ಎಂಬುದು ಕೋಟ್ಟಯಂ ಹತ್ತಿರದ ಪಟ್ಟಣ. ರಬ್ಬರ್, ಕರಿಮೆಣಸು, ಸಿರಿಯನ್ ಕ್ರೈಸ್ತರ ದೊಡ್ಡ ಮನೆತನಗಳು. ಅಲ್ಲಿ 1927ರಲ್ಲಿ ಪಾಲೈ ಸೆಂಟ್ರಲ್ ಬ್ಯಾಂಕ್ ಹುಟ್ಟಿತು. ಬೆಳೆದು ಕೇರಳದ ಅತಿ ದೊಡ್ಡ ಬ್ಯಾಂಕಾಯಿತು, ಶೆಡ್ಯೂಲ್ಡ್ ಪಟ್ಟಿಯಲ್ಲೂ ಸೇರಿತು. ತೋಟದ ಕೂಲಿ, ಶಾಲೆಯ ಮೇಷ್ಟ್ರು, ಮಗಳ ಮದುವೆಗೆಂದು ಕೂಡಿಟ್ಟ ತಾಯಿ, ಎಲ್ಲರ ಹಣವೂ ಅಲ್ಲಿತ್ತು. ರಿಸರ್ವ್ ಬ್ಯಾಂಕಿನ ತಪಾಸಣೆಗಾರರು 1950ರ ದಶಕದ ಆರಂಭದಲ್ಲೇ ಅಲ್ಲಿಗೆ ಹೋಗಿ ಪುಸ್ತಕ ನೋಡಿದರು. ವಾಪಸ್ ಬರುವ ಲಕ್ಷಣವಿಲ್ಲದ ಸಾಲಗಳು ಕಂಡವು. ತಿದ್ದಿಕೊಳ್ಳಿ ಎಂದು ಹೇಳಿ ಬಂದರು. ಮತ್ತೆ ಹೋದರು, ಮತ್ತೆ ಹೇಳಿದರು. ಹೀಗೆ ಸುಮಾರು ಒಂಬತ್ತು ವರ್ಷ.

ಇದನ್ನು ಓದುವಾಗ ನನಗೆ ಮೊದಲು ಬಂದದ್ದು ಸಿಟ್ಟು. ಗೊತ್ತಿದ್ದೂ ಯಾಕೆ ಸುಮ್ಮನಿದ್ದರು? ಆ ಒಂಬತ್ತು ವರ್ಷದಲ್ಲಿ ಎಷ್ಟು ಜನ ಹೊಸದಾಗಿ ಖಾತೆ ತೆರೆದಿರಬೇಕು, ಶೆಡ್ಯೂಲ್ಡ್ ಬ್ಯಾಂಕು ಎಂಬ ಪದ ನೋಡಿ ಎಷ್ಟು ಜನ ಧೈರ್ಯದಿಂದ ಹಣ ಕಟ್ಟಿರಬೇಕು! ತಪಾಸಣೆಯ ವರದಿ ಮುಂಬಯಿಯ ಬೀರುವಿನಲ್ಲಿ, ಠೇವಣಿಯ ರಸೀತಿ ಪಾಲಾದ ಅಜ್ಜಿಯ ಸೆರಗಿನ ಗಂಟಿನಲ್ಲಿ.

ಆಮೇಲೆ ಇನ್ನೊಂದು ಬದಿಯೂ ಕಂಡಿತು. ರಿಸರ್ವ್ ಬ್ಯಾಂಕು ಬಾಯಿ ತೆರೆದು ಈ ಬ್ಯಾಂಕು ದುರ್ಬಲವಾಗಿದೆ ಎಂದಿದ್ದರೆ? ಮರುದಿನ ಬೆಳಿಗ್ಗೆಯೇ ಸಾಲು, ಸಂಜೆಗೆ ಬ್ಯಾಂಕಿಲ್ಲ. ರೋಗವನ್ನು ಹೆಸರಿಸಿದರೇ ರೋಗಿ ಸಾಯುವ ಕಾಯಿಲೆ ಇದು. ಸುಮ್ಮನಿದ್ದು ಒಳಗೊಳಗೇ ತಿದ್ದಿಸಿದರೆ ಉಳಿಯಬಹುದೇನೋ ಎಂಬ ಆಸೆ. ಆ ಆಸೆ ಮೂರ್ಖತನವೂ ಅಲ್ಲ. ಎಷ್ಟೋ ಬ್ಯಾಂಕುಗಳು ಹಾಗೆ ಸದ್ದಿಲ್ಲದೆ ಚೇತರಿಸಿಕೊಂಡಿರಬಹುದು. ಉಳಿದ ಬ್ಯಾಂಕುಗಳ ಕಥೆ ಯಾರಿಗೂ ಗೊತ್ತಾಗುವುದಿಲ್ಲ. ಜೊತೆಗೆ ಕಾನೂನಿನಲ್ಲೂ ಒಂದು ದೊಡ್ಡ ತೂತಿತ್ತು. ದುರ್ಬಲ ಬ್ಯಾಂಕನ್ನು ಬಲವಾದ ಬ್ಯಾಂಕಿನ ಜೊತೆ ಬಲವಂತವಾಗಿ ಸೇರಿಸುವ ಅಧಿಕಾರ ಯಾರಿಗೂ ಇರಲಿಲ್ಲ. ಬುದ್ಧಿ ಹೇಳಬಹುದಿತ್ತು, ಇಲ್ಲವೇ ಕೋರ್ಟಿಗೆ ಹೋಗಿ ಬ್ಯಾಂಕನ್ನು ಮುಚ್ಚಿಸಬಹುದಿತ್ತು. ಕಷಾಯ ಅಥವಾ ಕೊಡಲಿ, ನಡುವೆ ಏನೂ ಇಲ್ಲ.

1960ರ ಹೊತ್ತಿಗೆ ಗವರ್ನರ್ ಆಗಿದ್ದವರು ಎಚ್. ವಿ. ಆರ್. ಅಯ್ಯಂಗಾರ್. ಅವರ ಹೆಸರಿನ ಮೊದಲ ಅಕ್ಷರ ಹರವು. ಪಾಂಡವಪುರದ ಕಡೆಯವರಿಗೆ ಆ ಊರಿನ ಹೆಸರನ್ನು ಬಿಡಿಸಿ ಹೇಳಬೇಕಿಲ್ಲ. ಅವರು ಕೊಡಲಿ ಎತ್ತಿಕೊಂಡರು. ಆಗಸ್ಟ್ 8, ಸೋಮವಾರ, ರಿಸರ್ವ್ ಬ್ಯಾಂಕಿನ ಅರ್ಜಿಯ ಮೇಲೆ ಕೇರಳ ಹೈಕೋರ್ಟು ಪಾಲೈ ಸೆಂಟ್ರಲ್ ಬ್ಯಾಂಕನ್ನು ಮುಚ್ಚುವ ಪ್ರಕ್ರಿಯೆಗೆ ಒಪ್ಪಿತು. ಒಂದು ದಿನದ ಮುನ್ಸೂಚನೆಯೂ ಇಲ್ಲ. ಕೊಡಲು ಸಾಧ್ಯವೂ ಇರಲಿಲ್ಲ, ಕೊಟ್ಟಿದ್ದರೆ ಗಟ್ಟಿಗರು ಮೊದಲು ಹಣ ತೆಗೆದುಕೊಂಡು ಬಡವರಿಗೆ ಖಾಲಿ ಪೆಟ್ಟಿಗೆ ಉಳಿಯುತ್ತಿತ್ತು.

ಆಗಿನ ಕಾನೂನಿನಲ್ಲಿ ಸಣ್ಣವರಿಗೆ ಇದ್ದ ರಕ್ಷಣೆ ಒಂದೇ. ಮುಳುಗಿದ ಬ್ಯಾಂಕಿನ ಆಸ್ತಿ ಮಾರಿ ಬಂದ ಹಣದಲ್ಲಿ ಉಳಿತಾಯ ಖಾತೆದಾರರಿಗೆ ಮೊದಲು 250 ರೂಪಾಯಿಯವರೆಗೆ ಕೊಡಬೇಕು. ಮಿಕ್ಕದ್ದು ಲಿಕ್ವಿಡೇಟರ್ ವಸೂಲಿ ಮಾಡಿದ ಹಾಗೆ, ಕಂತು ಕಂತಾಗಿ, ವರ್ಷಗಟ್ಟಲೆ.

ಕೇರಳ ಕೊತಕೊತ ಕುದಿಯಿತು. ಸಂಸತ್ತಿನಲ್ಲಿ ಗಲಾಟೆಯಾಯಿತು. ಹಣಕಾಸು ಸಚಿವ ಮೊರಾರ್ಜಿ ದೇಸಾಯಿ ರಿಸರ್ವ್ ಬ್ಯಾಂಕಿನ ಬೆನ್ನಿಗೆ ನಿಂತರು. ಬ್ಯಾಂಕು ದಿವಾಳಿಯಾಗಿರಲೇ ಇಲ್ಲ, ಕೊಂದರು ಎನ್ನುವವರು ಈಗಲೂ ಇದ್ದಾರೆ. ಎರಡೂ ಕಡೆಯ ವಾದದ ನಡುವೆ ಒಂದು ಮಾತ್ರ ತಡೆಯಿಲ್ಲದೆ ನಡೆಯಿತು: ಬೇರೆ ಬ್ಯಾಂಕುಗಳ ಮುಂದೆ ಸಾಲು. ಪಾಲೈ ಬ್ಯಾಂಕಿನಂಥದ್ದೇ ಬೀಳುವುದಾದರೆ ನಮ್ಮ ಬ್ಯಾಂಕಿಗೇನು ಗ್ಯಾರಂಟಿ? ಅದೇ ವರ್ಷ ಲಕ್ಷ್ಮಿ ಬ್ಯಾಂಕೂ ಮುಳುಗಿತ್ತು. ಸರಿಯಾಗಿ ನಡೆಯುತ್ತಿದ್ದ ಬ್ಯಾಂಕಿನವರೂ ನಿದ್ದೆಗೆಟ್ಟರು.

ನನ್ನ ತೀರ್ಪು ಕೇಳಿದರೆ, ಅಯ್ಯಂಗಾರರ ತಪ್ಪು ಮುಚ್ಚಿದ್ದರಲ್ಲಿಲ್ಲ. ಅಜ್ಜಿಯ 250 ರೂಪಾಯಿಗೆ ಆಚೆ ಏನೂ ವ್ಯವಸ್ಥೆ ಮಾಡದೆ ದೇಶ ಹತ್ತು ವರ್ಷ ತಪಾಸಣೆ ನಡೆಸಿತಲ್ಲ, ತಪ್ಪು ಅಲ್ಲಿದೆ. ಅದು ಅವರೊಬ್ಬರದಲ್ಲ. ಬಂಗಾಳದ ಬ್ಯಾಂಕುಗಳು ಬಿದ್ದ 1948ರಲ್ಲೇ ಠೇವಣಿಗೆ ವಿಮೆ ಬೇಕೆಂಬ ಮಾತು ಬಂದಿತ್ತು. ಮೊದಲು ತಪಾಸಣೆ ಗಟ್ಟಿಯಾಗಲಿ, ಆಮೇಲೆ ನೋಡೋಣ ಎಂದು ಮುಂದೂಡಿದರು. 1950ರ ಗ್ರಾಮೀಣ ಬ್ಯಾಂಕಿಂಗ್ ವಿಚಾರಣಾ ಸಮಿತಿಯೂ ವಿಮೆಯ ಪರವಾಗಿತ್ತು. ಕಡತ ಮಲಗಿತ್ತು. ಅದನ್ನು ಎಬ್ಬಿಸಲು ಪಾಲಾದ ಸೋಮವಾರ ಬೇಕಾಯಿತು.

ಆಮೇಲೆ ಎಲ್ಲ ಬೇಗ ಬೇಗ ಆಯಿತು. ಕೆಲವೇ ವಾರಗಳಲ್ಲಿ ಕಾಯ್ದೆಗೆ ತಿದ್ದುಪಡಿ ತಂದು, ತೊಂದರೆಯಲ್ಲಿರುವ ಬ್ಯಾಂಕಿನ ವ್ಯವಹಾರವನ್ನು ಸ್ವಲ್ಪ ಕಾಲ ತಡೆಹಿಡಿದು ಇನ್ನೊಂದು ಬ್ಯಾಂಕಿನೊಳಗೆ ಸೇರಿಸುವ ಅಧಿಕಾರ ಸೃಷ್ಟಿಸಿದರು. ಕಷಾಯಕ್ಕೂ ಕೊಡಲಿಗೂ ನಡುವಿನ ಆಯುಧ. 1961ರ ಆಗಸ್ಟ್ 21ರಂದು ಠೇವಣಿ ವಿಮಾ ನಿಗಮದ ಮಸೂದೆ ಸಂಸತ್ತಿಗೆ ಬಂತು, ಡಿಸೆಂಬರ್ 7ರಂದು ರಾಷ್ಟ್ರಪತಿಗಳ ಅಂಕಿತ, 1962ರ ಜನವರಿ 1ರಿಂದ ನಿಗಮ ಕೆಲಸ ಶುರು. ಅಮೆರಿಕದವರು ಮಹಾಕುಸಿತದ ನಡುವೆ 1933ರಲ್ಲಿ ಮಾಡಿದ್ದನ್ನು ಆ ಹೊತ್ತಿಗೆ ಮಾಡಿದ ದೇಶಗಳು ಬೆರಳೆಣಿಕೆಯಷ್ಟು. ಸ್ವಾತಂತ್ರ್ಯ ಬಂದು ಹದಿನೈದು ವರ್ಷವೂ ಆಗದ ಬಡ ದೇಶ ಆ ಸಾಲಿಗೆ ಸೇರಿತು.

ಮೊತ್ತ: ಒಬ್ಬ ಠೇವಣಿದಾರನಿಗೆ, ಒಂದು ಬ್ಯಾಂಕಿನಲ್ಲಿ, 1,500 ರೂಪಾಯಿ. ಬ್ಯಾಂಕು ಕಟ್ಟಬೇಕಾದ ಪ್ರೀಮಿಯಂ ವರ್ಷಕ್ಕೆ 100 ರೂಪಾಯಿ ಠೇವಣಿಗೆ 5 ಪೈಸೆ.

ಇದನ್ನು ದೊಡ್ಡಪ್ಪನಿಗೆ ಹೇಳಿದಾಗ ಅವರು ನಕ್ಕರು. ಸಾವಿರದ ಐನೂರು! ಆದರೆ ಆ ಸಂಖ್ಯೆಯ ಹಿಂದೆ ಒಂದು ಯೋಚನೆ ಇತ್ತು. ಆಗ ದೇಶದಲ್ಲಿದ್ದ ಖಾತೆಗಳಲ್ಲಿ ನಾಲ್ಕರಲ್ಲಿ ಮೂರಕ್ಕಿಂತ ಹೆಚ್ಚು ಖಾತೆಗಳು ಪೂರ್ತಿಯಾಗಿ ಈ ಮಿತಿಯೊಳಗೆ ಬರುತ್ತಿದ್ದವು. ಹಣದ ಮೊತ್ತದಲ್ಲಿ ನೋಡಿದರೆ ನಾಲ್ಕನೆಯ ಒಂದು ಭಾಗವೂ ಅಲ್ಲ. ಜನ ಬಹಳ, ಹಣ ಸ್ವಲ್ಪ. ಬ್ಯಾಂಕಿನ ಮುಂದೆ ಸಾಲು ನಿಲ್ಲುವವರು ಆ ಬಹಳ ಜನ. ಅವರು ಮನೆಯಲ್ಲೇ ಇದ್ದರೆ ಬ್ಯಾಂಕು ಉಳಿಯುತ್ತದೆ. ದೊಡ್ಡ ಕುಳಗಳಿಗೆ ಬ್ಯಾಂಕಿನ ಲೆಕ್ಕ ಓದಲು ಬರುತ್ತದೆ, ಅವರು ಎಚ್ಚರವಾಗಿರಲಿ. ದೊಡ್ಡಪ್ಪ ಕೇಳಿದ ಸೂತ್ರಕ್ಕೆ ಅತಿ ಹತ್ತಿರದ ಉತ್ತರ ನನಗೆ ಇಲ್ಲೇ ಸಿಕ್ಕಿದ್ದು.

ತಡೆಹಿಡಿದು ಸೇರಿಸುವ ಹೊಸ ಅಧಿಕಾರವನ್ನು ರಿಸರ್ವ್ ಬ್ಯಾಂಕು ಕೈಬಿಚ್ಚಿ ಬಳಸಿತು. ವಿಮೆ ಶುರುವಾದಾಗ ನೋಂದಾಯಿತ ಬ್ಯಾಂಕುಗಳು 287. 1967ರ ಕೊನೆಗೆ 100. ಇನ್ನೂ ಹಿಂದಿನ ಲೆಕ್ಕ ಹಿಡಿದರೆ, 1951ರಲ್ಲಿ ದೇಶದಲ್ಲಿದ್ದ ವಾಣಿಜ್ಯ ಬ್ಯಾಂಕುಗಳು 566. 1969ಕ್ಕೆ ಉಳಿದವು 89.

ಈ ಅಂಕಿಯ ಒಳಗೆ ನಮ್ಮ ಊರುಗಳಿವೆ. ಕರಾವಳಿಯಲ್ಲಿ ಒಂದು ಕಾಲಕ್ಕೆ ಪೇಟೆಗೊಂದು ಬ್ಯಾಂಕು ಇತ್ತು ಎನ್ನಬಹುದು. ಉಡುಪಿಯಲ್ಲಿ 1925ರಲ್ಲಿ 8,000 ರೂಪಾಯಿ ಬಂಡವಾಳದಿಂದ ಶುರುವಾದ, ಮುಂದೆ ಸಿಂಡಿಕೇಟ್ ಬ್ಯಾಂಕ್ ಆದ ಸಂಸ್ಥೆಯಲ್ಲಿ ಟಿ. ಎಂ. ಎ. ಪೈಗಳು 1928ರಲ್ಲಿ ಪಿಗ್ಮಿ ಠೇವಣಿ ತಂದರು. ಏಜೆಂಟ್ ದಿನವೂ ಮನೆ ಬಾಗಿಲಿಗೆ ಬಂದು ಎರಡಾಣೆ ಪಡೆದು ಬರೆದುಕೊಂಡು ಹೋಗುತ್ತಿದ್ದ. ಮೀನು ಮಾರುವವಳಿಗೂ ನೇಕಾರನಿಗೂ ಬ್ಯಾಂಕು ಎಂದರೆ ಆ ಮನುಷ್ಯನೇ. ಇಂಥ ನಂಬಿಕೆಯ ಮೇಲೆ ಬೆಳೆದ ಸಣ್ಣ ಬ್ಯಾಂಕುಗಳು 1960ರ ದಶಕದಲ್ಲಿ ಒಂದೊಂದಾಗಿ ದೊಡ್ಡವುಗಳ ಹೊಟ್ಟೆ ಸೇರಿದವು. ಮಂಗಳೂರಿನ ಕರ್ಣಾಟಕ ಬ್ಯಾಂಕಿನೊಳಗೆ ಶೃಂಗೇರಿ ಶಾರದಾ ಬ್ಯಾಂಕ್, ಚಿತ್ರದುರ್ಗ ಬ್ಯಾಂಕ್, ಹುಬ್ಬಳ್ಳಿಯ ಬ್ಯಾಂಕ್ ಆಫ್ ಕರ್ನಾಟಕ ಕರಗಿದವು. ವಿಜಯಾ, ಕೆನರಾ, ಸಿಂಡಿಕೇಟ್ ಎಲ್ಲವೂ ಹೀಗೆ ಹಲವನ್ನು ನುಂಗಿಕೊಂಡೇ ದೊಡ್ಡವಾದದ್ದು. ಠೇವಣಿದಾರ ಬಚಾವಾದ, ನಿಜ. ಅವನನ್ನು ಹೆಸರು ಹಿಡಿದು ಕರೆಯುತ್ತಿದ್ದ, ಅವನ ಗದ್ದೆಯ ಬೆಳೆ ಹೇಗಿದೆ ಎಂದು ಗೊತ್ತಿದ್ದ ಮ್ಯಾನೇಜರ್ ಹೋದ. ಅದನ್ನು ನಷ್ಟದ ಬಾಬಿನಲ್ಲಿ ಬರೆಯಬೇಕೋ ಬೇಡವೋ ನನಗಿನ್ನೂ ತೀರ್ಮಾನವಾಗಿಲ್ಲ. ಹೆಸರು ಹಿಡಿದು ಕರೆಯುವ ಮ್ಯಾನೇಜರೇ ಹೆಸರು ನೋಡಿ ಸಾಲ ಕೊಡುವವನೂ ಆಗಿರುತ್ತಾನೆ. ಪಾಲಾದಲ್ಲೂ ಎಲ್ಲರಿಗೂ ಎಲ್ಲರ ಪರಿಚಯವಿತ್ತು.

ಇದು ನಮ್ಮೊಬ್ಬರ ಕಥೆಯಲ್ಲ. ಪಾಲಾದ ನಂತರ ಮೂವತ್ತೇಳು ವರ್ಷಕ್ಕೆ, 1997ರ ನವೆಂಬರ್ 1ರಂದು, ಇಂಡೋನೇಷ್ಯಾ ಸರ್ಕಾರ ಅಂತಾರಾಷ್ಟ್ರೀಯ ಹಣಕಾಸು ನಿಧಿಯ ಜೊತೆಗಿನ ಒಪ್ಪಂದದಂತೆ ಒಂದೇ ಏಟಿಗೆ 16 ಬ್ಯಾಂಕುಗಳನ್ನು ಮುಚ್ಚಿತು. ಆ ದೇಶದಲ್ಲಿ ಠೇವಣಿ ವಿಮೆ ಇರಲಿಲ್ಲ. ಮುಚ್ಚಿದ ಬ್ಯಾಂಕುಗಳ ಸಣ್ಣ ಠೇವಣಿದಾರರಿಗೆ 2 ಕೋಟಿ ರುಪಯ್ಯಾವರೆಗೆ ಕೊಡುತ್ತೇವೆಂದು ಮಾತು ಕೊಟ್ಟರು; ಇನ್ನೂ ತೆರೆದಿದ್ದ ಬ್ಯಾಂಕುಗಳ ಗ್ರಾಹಕರಿಗೆ ಏನನ್ನೂ ಹೇಳಲಿಲ್ಲ. ಇವತ್ತು ಆ ಹದಿನಾರು, ನಾಳೆ ನಮ್ಮದು ಎಂದುಕೊಂಡ ಜನ ಉಳಿದ ಖಾಸಗಿ ಬ್ಯಾಂಕುಗಳಿಂದ ಹಣ ಎತ್ತಿಕೊಂಡರು. ಮೂರು ತಿಂಗಳೊಳಗೆ, 1998ರ ಜನವರಿಯಲ್ಲಿ, ಎಲ್ಲ ಬ್ಯಾಂಕುಗಳ ಎಲ್ಲ ಠೇವಣಿಗೂ ಸರ್ಕಾರವೇ ಜವಾಬ್ದಾರಿ ಎಂದು ಘೋಷಿಸಬೇಕಾಯಿತು. ಉಳಿತಾಯವೇ ಅಪರೂಪವಾದ ದೇಶದಲ್ಲಿ ಬ್ಯಾಂಕು ಮುಚ್ಚುವವನು ಅದರ ಬಾಗಿಲಿನ ಜೊತೆಗೆ ಪಕ್ಕದ ಬ್ಯಾಂಕಿನ ಬಾಗಿಲನ್ನೂ ನೋಡಬೇಕು. ಅಯ್ಯಂಗಾರರ ಕಚೇರಿಗೆ 1960ರಲ್ಲಿ ಗೊತ್ತಾದದ್ದು ಜಕಾರ್ತಾಕ್ಕೆ ದುಬಾರಿ ಬೆಲೆ ತೆತ್ತೇ ಗೊತ್ತಾಗಬೇಕಾಯಿತು.

1969ರ ಜುಲೈ 19ರಂದು 50 ಕೋಟಿಗಿಂತ ಹೆಚ್ಚು ಠೇವಣಿಯಿದ್ದ 14 ಬ್ಯಾಂಕುಗಳನ್ನು, 1980ರ ಏಪ್ರಿಲ್ 15ರಂದು ಇನ್ನೂ 6ನ್ನು ಸರ್ಕಾರ ತೆಗೆದುಕೊಂಡಿತು. ಇಪ್ಪತ್ತರಲ್ಲಿ ನಾಲ್ಕು ನಮ್ಮ ಕರಾವಳಿಯವು. ಅದರ ಬಗ್ಗೆ ಬೇಕಾದಷ್ಟು ಬರೆದಿದ್ದಾರೆ, ನಾನು ಸೇರಿಸುವುದು ಏನೂ ಇಲ್ಲ. ಸರ್ಕಾರಿ ಬ್ಯಾಂಕು ಮುಳುಗುವುದಿಲ್ಲ ಎಂಬ ನಂಬಿಕೆ ಬಂದ ಮೇಲೆ ಠೇವಣಿ ವಿಮೆಯನ್ನು ಎಲ್ಲರೂ ಮರೆತರು ಎಂಬುದಷ್ಟೇ ಇಲ್ಲಿ ಮುಖ್ಯ. ಮಿತಿ 1,500ರಿಂದ 1968ರಲ್ಲಿ 5,000 ಆಯಿತು, 1970ರಲ್ಲಿ 10,000, 1976ರಲ್ಲಿ 20,000, 1980ರಲ್ಲಿ 30,000. ಹರ್ಷದ್ ಮೆಹ್ತಾ ಹಗರಣದ ಸುಳಿಯಲ್ಲಿ ಬ್ಯಾಂಕ್ ಆಫ್ ಕರಾಡ್ ಮುಳುಗಿದ ಮರುವರ್ಷ, 1993ರ ಮೇ ತಿಂಗಳಲ್ಲಿ, 1 ಲಕ್ಷ ಆಯಿತು. ಅಲ್ಲಿಗೆ ನಿಂತುಬಿಟ್ಟಿತು.

ಮರೆಯದವರು, ಮರೆಯುವ ಹಾಗಿಲ್ಲದವರು, ಸಹಕಾರಿ ಬ್ಯಾಂಕಿನ ಠೇವಣಿದಾರರು. ಗದಗಿನ ಹತ್ತಿರದ ಕಣಗಿನಹಾಳದಲ್ಲಿ 1905ರಲ್ಲಿ ಮೊದಲ ಸಹಕಾರಿ ಸಂಘ ಕಟ್ಟಿದ ನಾಡು ನಮ್ಮದು, ಸಹಕಾರದ ಬಗ್ಗೆ ನಮಗೆ ಅಭಿಮಾನ ಜಾಸ್ತಿ. ಆದರೆ 1966ರ ಮಾರ್ಚ್ 1ರಂದು ಸಹಕಾರಿ ಬ್ಯಾಂಕುಗಳನ್ನು 1949ರ ಕಾಯ್ದೆಯೊಳಗೆ ತಂದಾಗ ಅರ್ಧ ಮಾತ್ರ ತಂದರು. ಸಾಲ, ಠೇವಣಿ, ಲೆಕ್ಕ ರಿಸರ್ವ್ ಬ್ಯಾಂಕಿಗೆ. ಆಡಳಿತ ಮಂಡಳಿ, ಚುನಾವಣೆ, ನೋಂದಣಿ ರಾಜ್ಯದ ಸಹಕಾರ ಇಲಾಖೆಗೆ. ಇಬ್ಬರು ಕಾವಲುಗಾರರಿದ್ದ ಮನೆಯಲ್ಲಿ ಇನ್ನೊಬ್ಬ ಎದ್ದಿದ್ದಾನೆ ಎಂದು ಇಬ್ಬರೂ ಮಲಗಿದರು. ಹೊಣೆ ಯಾರದೆಂಬ ಈ ಗೊಂದಲ ಬಹುಮಟ್ಟಿಗೆ ತಿಳಿಯಾಗಲು 2020ರ ತಿದ್ದುಪಡಿಯವರೆಗೆ, ಅಂದರೆ ಐವತ್ತನಾಲ್ಕು ವರ್ಷ ಕಾಯಬೇಕಾಯಿತು.

ದೊಡ್ಡಪ್ಪನ ಅದೃಷ್ಟ ನಡುವೆ ಒಂದು ಸಣ್ಣ ತಿರುವು ಪಡೆಯಿತು. ದೊಡ್ಡ ಬ್ಯಾಂಕುಗಳೂ ಅಲುಗಾಡುತ್ತಿದ್ದ ಆ ಕಾಲದಲ್ಲಿ, 2020ರ ಫೆಬ್ರವರಿ 4ರಿಂದ, ವಿಮೆಯ ಮಿತಿ 1 ಲಕ್ಷದಿಂದ 5 ಲಕ್ಷಕ್ಕೆ ಏರಿತು. ಮೊದಲು ಬ್ಯಾಂಕು ಪೂರ್ತಿ ಮುಚ್ಚಿ, ಲಿಕ್ವಿಡೇಟರ್ ಬಂದು, ಪಟ್ಟಿ ಮಾಡಿದ ಮೇಲೆಯೇ ವಿಮೆಯ ಹಣ. 2021ರ ತಿದ್ದುಪಡಿಯ ನಂತರ, ನಿರ್ಬಂಧ ಬಿದ್ದ 90 ದಿನದೊಳಗೆ ಕೊಡಬೇಕೆಂದಾಯಿತು. ಆ ವರ್ಷದ ಕೊನೆಗೆ ಅವರ ಖಾತೆಗೆ 5 ಲಕ್ಷ ಬಂತು. ಉಳಿದ ಮೂರರ ಸುದ್ದಿ ಇನ್ನೂ ಇಲ್ಲ.

ಹಣ ಬಂದ ದಿನ ನಾನು ಅವರ ಮನೆಗೆ ಹೋಗಿದ್ದೆ. ದೊಡ್ಡಮ್ಮ ಕಾಫಿ ಕೊಟ್ಟರು. ದೊಡ್ಡಪ್ಪ ಕ್ಯಾಲೆಂಡರಿನ ಹಿಂಬದಿಯಲ್ಲಿ ಚಕ್ರಬಡ್ಡಿಯ ಲೆಕ್ಕ ಹಾಕುತ್ತಾ ಕೂತಿದ್ದರು. "1993ರಿಂದ 2020, ಇಪ್ಪತ್ತೇಳು ವರ್ಷ. ವರ್ಷಕ್ಕೆ ನೂರಕ್ಕೆ ಏಳರ ಹಾಗೆ ಬೆಲೆ ಏರಿದೆ ಅಂತ ಇಟ್ಕೋ. ಆಗಿನ ಒಂದು ಲಕ್ಷ ಈಗಿನ ಆರು ಲಕ್ಷದ ಇಪ್ಪತ್ತು ಸಾವಿರ ಆಗ್ಬೇಕು. ಇವರು ಕೊಟ್ಟಿರೋದು ಐದು. ಏರಿಸಿದ್ದಲ್ಲ ಕಣೋ, ಇಳಿಸಿದ್ದು."

ಈಗ ಆ ಹಣವನ್ನು ಎಲ್ಲಿಟ್ಟಿದ್ದೀರಿ ಎಂದು ಕೇಳಿದೆ. ಒಂದು ಬ್ಯಾಂಕಿನಲ್ಲಿ 4 ಲಕ್ಷದ 60 ಸಾವಿರ, ಒಂದು ವರ್ಷಕ್ಕೆ. ಮಿಕ್ಕ 40 ಸಾವಿರ ಪೋಸ್ಟಾಫೀಸಿನಲ್ಲಿ. ಯಾಕೆ ಪೂರ್ತಿ ಐದು ಇಡಲಿಲ್ಲ ಎಂದರೆ, ನಾನು ಏಳನೇ ಕ್ಲಾಸಿನ ಹುಡುಗನೇನೋ ಎಂಬಂತೆ ಕನ್ನಡಕದ ಮೇಲಿಂದ ನೋಡಿದರು.

"ವಿಮೆ ಲೆಕ್ಕದಲ್ಲಿ ಅಸಲೂ ಬಡ್ಡೀನೂ ಸೇರಿಸ್ತಾರೆ. ವರ್ಷದ ಬಡ್ಡಿ ಬಿದ್ಮೇಲೂ ಐದು ದಾಟಬಾರದಲ್ಲ."